ಕೌದಿಯೊಳಗಿನ ದನಿ

ಕಾದಂಬರಿಯ ಕೊನೆಯಲ್ಲಿ ನಾಯಕನ ಹೆಂಡತಿ ಸಾಯುತ್ತಾಳೆ. ಆ ದಿನದ ರಾದ್ಧಾಂತಕ್ಕೆಲ್ಲ ಅದೇ ಮೂಲ. ಆಕೆ ಬದುಕಿದ್ದರೆ ಭಾಗ್ಯನಗರದ ಗೌರೀಶ ತನ್ನ ಪಾಡಿಗೆ ತಾನು ಓದಿ ಮುಗಿಸಿ ಒಂದು ನಿದ್ದೆ ತೆಗೆಯುತ್ತಿದ್ದ.

ಗೌರೀಶ ಕೊಪ್ಪಳದ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತ. ಹುಟ್ಟಿದಾಗಿನಿಂದ ಅವನ ಮಾತನ್ನು ಯಾರೂ ಪೂರ್ತಿ ಕೇಳಿದವರಿಲ್ಲ. ಅವನು ಬಾಯಿ ತೆರೆದರೆ ಸಾಹುಕಾರರು ಫೋನು ಎತ್ತಿಕೊಳ್ಳುತ್ತಿದ್ದರು, ಹೆಂಡತಿ ಅನ್ನಪೂರ್ಣ ಮಿಕ್ಸರ್ ಹಾಕುತ್ತಿದ್ದಳು. ಹೀಗಿರುವಾಗ ಗ್ರಂಥಾಲಯದಲ್ಲಿ ಕಣ್ಣು ಕಾಣದವರಿಗಾಗಿ ಧ್ವನಿಪುಸ್ತಕದ ವಿಭಾಗ ತೆರೆಯಿತು. ಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುವವರು ಬೇಕು ಎಂದು ತಿಳಿದದ್ದೇ ತಡ, ಗೌರೀಶ ಓಡಿದ. ಕೇಳಲೆಂದೇ ಕೂತ ಜನ ಸಿಗುವುದೆಂದರೆ ಅವನ ಪಾಲಿಗೆ ಸಣ್ಣ ಭಾಗ್ಯವೇ?

ಗ್ರಂಥಪಾಲಕಿ ಶಾಂಭವಿ ಮೇಡಂ ಅವನ ಕೈಗೆ ರೆಕಾರ್ಡರ್ ಕೊಟ್ಟು ಒಂದು ಷರತ್ತು ಹಾಕಿದ್ದರು. ಅಳವಂಡಿಯ ಹಂಪಣ್ಣ ಮಾಸ್ತರರು ಕೇಳಿ ಒಪ್ಪಿದರೆ ಮುಂದಿನ ಪುಸ್ತಕಗಳೆಲ್ಲ ಅವನ ದನಿಯಲ್ಲೇ. ಇಲ್ಲವಾದರೆ ಕಂಪ್ಯೂಟರಿನ ದನಿ. ಮಾಸ್ತರರು ಹುಟ್ಟುಕುರುಡರು, ಸಂಗೀತ ಕಲಿಸುವವರು. ಅವರು ಬರುವುದು ಈ ರಾದ್ಧಾಂತ ನಡೆದ ದಿನವೇ ಸಂಜೆ, ಇವನಿಗೆ ಉಳಿದಿದ್ದು ಕೊನೆಯ ಅಧ್ಯಾಯ.

ಅನ್ನಪೂರ್ಣ ನಸುಕಿನಲ್ಲೇ ಯಲಬುರ್ಗಾ ಕಡೆಯ ಮಂಗಳೂರಿಗೆ, ತವರಿಗೆ ಹೋಗಿದ್ದಳು. ಗೌರೀಶ ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿ, ನೆರೆಮನೆಯ ಮಗ್ಗದ ಸದ್ದು ರೆಕಾರ್ಡಿಗೆ ಇಳಿಯದಂತೆ ಇದ್ದಬದ್ದ ಕೌದಿಯನ್ನೆಲ್ಲ ತಲೆತುಂಬ ಹೊದ್ದು ಮಂಚದ ಮೇಲೆ ಕೂತು ಓದತೊಡಗಿದ. 'ನನ್ನೊಬ್ಬನನ್ನೇ ಬಿಟ್ಟು ಹೋದೆಯಾ' ಎಂಬ ಸಾಲು ಬಂದಾಗ ಅವನಿಗೆ ನಿಜವಾಗಿ ಅಳು ಬಂತು. ನಾಯಕನ ಹೆಂಡತಿ ಸತ್ತಳೆಂದಲ್ಲ, ಬದುಕಿದ್ದಷ್ಟು ದಿನ ಗಂಡನ ಮಾತು ಕೇಳುತ್ತಿದ್ದಳಲ್ಲ, ಅದಕ್ಕೆ.

ಕಿಟಕಿಯಾಚೆ ಬಟ್ಟೆ ಒಣಹಾಕುತ್ತಿದ್ದ ಫಾತಿಮಾಬೀಗೆ ಇದು ಕೇಳಿಸಿತು. ಬೆಳಗಿನಿಂದ ಅನ್ನಪೂರ್ಣ ಕಣ್ಣಿಗೆ ಬಿದ್ದಿರಲಿಲ್ಲ. ಇನ್ನೇನು ಬೇಕು? ಗೌರೀಶ ಕಣ್ಣು ಕೆಂಪಗೆ ಮಾಡಿಕೊಂಡು ಕೌದಿಯಿಂದ ತಲೆ ಹೊರಹಾಕುವಷ್ಟರಲ್ಲಿ ಓಣಿಗೆ ಓಣಿಯೇ ಮನೆಯೊಳಗಿತ್ತು.

"ಯಾರೂ ಸತ್ತಿಲ್ರೀ," ಎಂದ ಗೌರೀಶ.

ಹಿರಿಯರಾದ ಮೆಹಬೂಬಸಾಬರು ಅವನ ಬೆನ್ನು ಸವರಿದರು. "ಮೊದಲ ಮೊದಲ ಹಂಗ ಅನಸ್ತೈತಿ, ತಮ್ಮಾ. ನೀರು ಕುಡಿ."

ಅವನು ಪುಸ್ತಕ ತೋರಿಸಿದ. ಯಾರೋ ಅದನ್ನು ತೆಗೆದು ಮೇಲಿಟ್ಟರು. ಊರಿಗೆ ಹೋಗಿದ್ದಾಳೆಂದು ಫೋನು ಹಚ್ಚಿದ, ಆಕೆ ಎತ್ತಲಿಲ್ಲ; ಹೆಣ ಊರಿನಿಂದಲೇ ಬರಬೇಕೇನೋ ಎಂದು ಅವರವರೇ ಮಾತಾಡಿಕೊಂಡರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ, ರೊಟ್ಟಿ ಬುಟ್ಟಿ, ಝುಣಕದ ಡಬ್ಬಿ ಸಾಲಾಗಿ ಬಂದವು. ಆಮೇಲೆ ಭೀಮಕ್ಕ ಬಂದಳು. ಆ ಸುತ್ತಿನ ಯಾವ ಸಾವೂ ಆಕೆ ಹಾಡಿಕೊಂಡು ಅಳದೆ ಮುಗಿಯುತ್ತಿರಲಿಲ್ಲ. ಮಂಚಕ್ಕೆ ತಲೆ ಆನಿಸಿ, ಅನ್ನಪೂರ್ಣಳ ಕೈರುಚಿ, ಅನ್ನಪೂರ್ಣಳ ನಗೆ ಎಂದು ಒಂದೊಂದನ್ನೇ ಎತ್ತಿ ಆಕೆ ಹಾಡತೊಡಗಿದಾಗ ಗೌರೀಶನಿಗೂ ಅನುಮಾನ ಹುಟ್ಟಿ, ಮತ್ತೆ ಕಣ್ಣೀರು ಬಂತು.

ಸಂಜೆಯ ಹೊತ್ತಿಗೆ ಅನ್ನಪೂರ್ಣ ಚೀಲ ಹಿಡಿದು ಒಳಗೆ ಕಾಲಿಟ್ಟಳು.

ಓಣಿಯವರ ದುಃಖ ಇಳಿದು ಸಿಟ್ಟು ಏರಿತು. ಮುತ್ತೈದೆಯ ಮನೆಯಲ್ಲಿ ಸುಮ್ಮಸುಮ್ಮನೆ ಅಳುವ ಗಂಡಸನ್ನು ಎಲ್ಲೂ ಕಂಡಿಲ್ಲವೆಂದು ಛೀಮಾರಿ ಹಾಕಿ ರೊಟ್ಟಿ ಬುಟ್ಟಿಗಳನ್ನು ವಾಪಸ್ ಒಯ್ದರು. ಅನ್ನಪೂರ್ಣ ಮಾತ್ರ ಒಂದೇ ಮಾತು ಕೇಳಿದಳು: "ಯಾರೂ ಸತ್ತಿಲ್ಲಂತ ಬಾಯಿಬಿಟ್ಟು ಹೇಳಾಕ ಏನಾಗಿತ್ರಿ ನಿಮಗ?"

ಅಷ್ಟರಲ್ಲಿ ಶಾಂಭವಿ ಮೇಡಂ ಫೋನು ಮಾಡಿ, ಮಾಸ್ತರರು ಬಂದು ಕೂತಿದ್ದಾರೆಂದರು. ಕೌದಿ ಸರಿಸಿದರೆ ರೆಕಾರ್ಡರಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ತಿದ್ದಲು ಹೊತ್ತಿರಲಿಲ್ಲ. ಅದನ್ನೇ ಹಿಡಿದು ಓಡಿದ.

ಮಾಸ್ತರರು ಇಯರ್‌ಫೋನು ಕಿವಿಗೆ ಹಚ್ಚಿಕೊಂಡು, ತಮ್ಮ ರೂಢಿಯಂತೆ ವೇಗ ಹೆಚ್ಚಿಸಿದರು. ಗೌರೀಶ ತೂಗಿ ತೂಗಿ ಓದಿದ್ದೆಲ್ಲ ಗುಬ್ಬಿಯ ಚಿಲಿಪಿಲಿಯಂತೆ ಓಡಿತು. ಓಡುತ್ತ ಓಡುತ್ತ ಒಂದು ಕಡೆ ಅವರು ತಟ್ಟನೆ ನಿಲ್ಲಿಸಿ, ಹಿಂದೆ ಸರಿಸಿ, ವೇಗ ತಗ್ಗಿಸಿ ಕೇಳಿದರು. ಮತ್ತೊಮ್ಮೆ ಕೇಳಿದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಗೌರೀಶನ ಎದೆ ತುಂಬಿಬಂತು. ಇಷ್ಟು ವರ್ಷದ ಮೇಲೆ ಒಬ್ಬ ಕೇಳುವವನು ಸಿಕ್ಕಿದ್ದ.

"ಇಂಥಾ ದನಿ ನಾ ಕೇಳಿಲ್ಲ. ಇನ್ನ ಎಲ್ಲಾ ಪುಸ್ತಕಾನೂ ಇದ ದನಿಯಾಗ ಆಗಬೇಕ್ರಿ," ಎಂದರು ಮಾಸ್ತರರು.

"ನಂದ ದನಿ ರೀ," ಎಂದ ಗೌರೀಶ.

"ನಿಮ್ಮದಲ್ರೀ. ನೀವು ಓದೂದು ನಿಂತ ಮ್ಯಾಲೆ ಒಬ್ಬ ಹೆಣ್ಣಮಗಳು ಅತ್ತಾಳಲ್ಲ, ಆಕಿದು."

ಭೀಮಕ್ಕ ಸಾಲಿಯ ಮುಖ ಕಂಡವಳಲ್ಲ, ಒಂದಕ್ಷರ ಬಾರದು ಎಂದು ಗೌರೀಶ ಹೇಳಿನೋಡಿದ. ಅದೇನು ದೊಡ್ಡ ಮಾತು, ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಹೇಳಿಕೊಡಲು ನೀವಿದ್ದೀರಲ್ಲ ಎಂದರು ಶಾಂಭವಿ ಮೇಡಂ.

ಈಗ ರಜೆ ಬಂದಾಗಲೆಲ್ಲ ಅವನ ಮನೆಯ ಮಂಚದ ಮೇಲೆ, ಕೌದಿಯೊಳಗೆ ಇಬ್ಬರು ಕೂರುತ್ತಾರೆ. ಗೌರೀಶ ಪುಸ್ತಕ ಹಿಡಿದು ಓದುತ್ತಾನೆ, ಭೀಮಕ್ಕ ಅದನ್ನೇ ತಿರುಗಿ ಅನ್ನುತ್ತಾಳೆ. ಎಲ್ಲಾದರೂ ಭಾವ ಉಕ್ಕಿ ಅವನು ಕೊಂಚ ದನಿ ಏರಿಸಿದರೆ ಸಾಕು, ಆಕೆ ತೊಡೆ ತಿವಿಯುತ್ತಾಳೆ.

"ಸಣ್ಣಗ ಹೇಳೋ ತಮ್ಮಾ. ನಿನ್ನ ದನಿ ಯಾರಿಗೂ ಕೇಳಬಾರದಂತ."