ಬೈದವನೇ ಬಿಲ್ ಕೊಡಬೇಕು

ಚಳಿಗಾಲ ಮುಗಿಯುತ್ತ ಬಂದಿತ್ತು, ಬಿಸಿಲಿಗೆ ಇನ್ನೂ ಧೈರ್ಯ ಬಂದಿರಲಿಲ್ಲ. ಅಂಥ ಒಂದು ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಜಿಪ್ಪಣ್ಣ ಹೋಟೆಲಿನಲ್ಲಿ ಕೂತು, ಟೀ ಸೋಸುವ ಜರಡಿಯ ಫೋಟೋ ತೆಗೆದ. ತೊಂದರೆ ಶುರುವಾದದ್ದು ಅಲ್ಲಿಂದ.

ಜಿಪ್ಪಣ್ಣ ಎಂದರೆ ಚೀಲ, ಸೂಟ್‌ಕೇಸು, ಜಾಕೆಟ್ಟುಗಳ ಜಿಪ್ಪು ರಿಪೇರಿ ಮಾಡುವವನು. ಅವನ ಅಂಗಡಿ ಎಷ್ಟು ಚಿಕ್ಕದೆಂದರೆ ಗಿರಾಕಿ ಒಳಗೆ ಬಂದರೆ ಅವನು ಹೊರಗೆ ಹೋಗಬೇಕು. ಗೋಡೆಯಾಚೆಗೇ ಹೋಟೆಲು. ಅದರ ಕಿಟಕಿ ಪಕ್ಕದ ಮೇಜಿಗೆ ಆರು ವರ್ಷದಿಂದ ಪ್ರತಿ ಭಾನುವಾರ ಹತ್ತು ಗಂಟೆಗೆ ನಾಲ್ಕು ಜನ ಸೇರುತ್ತಿದ್ದರು. ಕೆಲಸದಿಂದ ನಿವೃತ್ತನಾದ ಪೋಸ್ಟ್‌ಮನ್, ಅವನನ್ನು ಎಲ್ಲರೂ ಪೋಸ್ಟಣ್ಣ ಎನ್ನುತ್ತಿದ್ದರು. ಕ್ಷೌರದ ಅಂಗಡಿಯ ಕಟಿಂಗ್ ಮಾಮ. ಜಿಪ್ಪಣ್ಣನ ಹೆಂಡತಿಯ ತಮ್ಮ, ಬಸ್ಸಿನ ಕಂಡಕ್ಟರ್. ನಾಲ್ಕನೆಯವನು ಜಿಪ್ಪಣ್ಣ. ನಾಲ್ವರೂ ಊರಿನ ಕೆಂಪು ಅಂಗಿಯ ಫುಟ್‌ಬಾಲ್ ತಂಡದ ಭಕ್ತರು.

ಆ ಮೇಜಿನದೊಂದು ಕಾಯಿದೆ ಇತ್ತು. ಬಿಲ್ ಎಷ್ಟೇ ಬರಲಿ, ಸಮ ನಾಲ್ಕು ಪಾಲು. ಆದರೆ ನಮ್ಮ ತಂಡದವರನ್ನು ಯಾರಾದರೂ ಬೈದರೆ ಅವತ್ತಿನ ಬಿಲ್ ಪೂರ್ತಿ ಅವನದೇ. ಒಂದು ಸಲ ಸೋತ ಸಿಟ್ಟಿಗೆ ಕಟಿಂಗ್ ಮಾಮ ಟೀ ಕಪ್ಪು ಎಸೆದು, ಅದು ಪೋಸ್ಟಣ್ಣನ ಕನ್ನಡಕಕ್ಕೆ ಬಡಿದ ಮೇಲೆ ಪೋಸ್ಟಣ್ಣನೇ ಮಾಡಿದ ಕಾಯಿದೆ ಅದು. ಅಂದಿನಿಂದ ತಂಡ ಐದು ಗೋಲಿನಲ್ಲಿ ಸೋತರೂ ಆ ಮೇಜಿನಲ್ಲಿ ಹವಾಮಾನದ ಮಾತೇ ಆಗುತ್ತಿತ್ತು.

ಜಿಪ್ಪಣ್ಣ ಆರು ವರ್ಷದಲ್ಲಿ ಒಂದೇ ಒಂದು ಸಲವೂ ಬೇರೆಯವರ ಟೀಗೆ ದುಡ್ಡು ಕೊಟ್ಟವನಲ್ಲ. ಆದರೆ ನುಂಗಿದ ಮಾತು ಎಲ್ಲಿಗೆ ಹೋಗಬೇಕು? ಅಂಗಡಿಗೆ ವಾಪಸ್ ಬಂದು, ಹೊಲಿಗೆ ಮೆಷಿನ್ನಿನ ಹಿಂದೆ ಕೂತು, ಎರಡು ವರ್ಷದಿಂದ ಫೋನಿನಲ್ಲಿ, ಫುಟ್‌ಬಾಲ್ ಅಭಿಮಾನಿಗಳ ಪುಟದಲ್ಲಿ, ಎಲ್ಲವನ್ನೂ ಸುರಿಯುತ್ತಿದ್ದ. ಅಲ್ಲಿ ಅವನ ಹೆಸರು ‘ಗೋಲಿನ ಗುಮ್ಮ’. ಗುಮ್ಮನ ಕಣ್ಣು ಗೋಲ್‌ಕೀಪರ್ ಮೇಲೆ. ‘ನಮ್ಮ ಕೀಪರನ ಎಡಗಡೆ ಬಾಗಿಲಿಲ್ಲದ ಮನೆ, ಬಂದವರೆಲ್ಲ ಒಳಗೆ ಬನ್ನಿ’ ಎಂದು ಬರೆದದ್ದು ಮೊದಲ ಮಾತು. ‘ಹಾರುವಾಗ ಕಣ್ಣು ಮುಚ್ಚುತ್ತಾನೆ, ಚೆಂಡಿಗೆ ನಾಚಿಕೆಯಾಗಬಾರದು ಅಂತ’ ಎಂದದ್ದು ಎರಡನೆಯದು. ಹೀಗೆ ಇನ್ನೂರ ಹದಿಮೂರು. ಸಾವಿರಾರು ಜನ ಓದಿ ನಗುತ್ತಿದ್ದರು. ಎದುರಿಗೆ ಕೂತವರು ಮಾತ್ರ ಜಿಪ್ಪಣ್ಣನಷ್ಟು ಸಾಧು ಪ್ರಾಣಿ ಇಲ್ಲ ಎನ್ನುತ್ತಿದ್ದರು.

ಶನಿವಾರ ತಂಡ ಗೆದ್ದಿತ್ತು. ಕೀಪರ್ ಎರಡು ಪೆನಾಲ್ಟಿ ಹಿಡಿದಿದ್ದ. ಕೊನೆಯಲ್ಲಿ ಒಂದು ಚೆಂಡು ಅವನ ಎರಡು ಕಾಲಿನ ನಡುವೆ ನುಸುಳಿತ್ತು. ಜಿಪ್ಪಣ್ಣನ ಕಣ್ಣಿಗೆ ಬಿದ್ದದ್ದು ಆ ಒಂದೇ ಚೆಂಡು. ಭಾನುವಾರ ಬೇಗ ಬಂದವನಿಗೆ ಖಾಲಿ ಮೇಜಿನ ಮೇಲೆ ಜರಡಿ ಕಂಡಿತು. ಫೋಟೋ ತೆಗೆದು, ‘ನಮ್ಮ ಕೀಪರನ ಅಣ್ಣ’ ಎಂದು ಬರೆದು ಹಾಕಿಬಿಟ್ಟ. ಅದು ಇನ್ನೂರ ಹದಿನಾಲ್ಕನೆಯದು.

ಹತ್ತು ಗಂಟೆಗೆ ಉಳಿದವರು ಬಂದರು. ಟೀ ಬಂತು, ಬ್ರೆಡ್ಡು ಆಮ್ಲೆಟ್ಟು ಬಂತು. ಕಂಡಕ್ಟರ್ ಫೋನ್ ನೋಡುತ್ತಿದ್ದವನು ತಿನ್ನುವುದನ್ನು ನಿಲ್ಲಿಸಿದ.

“ಭಾವ, ಇಲ್ಲಿ ನೋಡಿ. ಆ ದರಿದ್ರ ಗುಮ್ಮ ಮತ್ತೆ ಬೈದಿದ್ದಾನೆ.”

“ಹೌದಾ?” ಎಂದ ಜಿಪ್ಪಣ್ಣ.

“ಅದಲ್ಲ ವಿಷಯ. ಫೋಟೋ ನೋಡಿ. ಇದು ನಮ್ಮ ಮೇಜು!”

ಮೂರು ತಲೆ ಒಂದೇ ಫೋನಿನ ಮೇಲೆ ಬಾಗಿದವು. ನಾಲ್ಕನೆಯ ತಲೆ ಸ್ವಲ್ಪ ತಡವಾಗಿ ಬಾಗಿತು. ಜರಡಿಯ ಕೆಳಗೆ ಹಳದಿ ಪ್ಲಾಸ್ಟಿಕ್ ಹಾಸು, ಅದರ ಮೇಲೆ ಅರ್ಧಚಂದ್ರದ ಹಾಗೆ ಸುಟ್ಟ ಕಲೆ. ಆ ಕಲೆಯನ್ನು ಊರಿಗೇ ತೋರಿಸಿದ್ದರು ಅವರು. ಹೋದ ವರ್ಷ ಒಂದು ದಿನ ಕೀಪರ್ ಖುದ್ದಾಗಿ ಟೀ ಕುಡಿಯಲು ಬಂದಾಗ, ಹೋಟೆಲಿನ ಅಕ್ಕ ಗಾಬರಿಯಲ್ಲಿ ಕಾದ ಕೆಟಲ್ಲನ್ನು ಅಲ್ಲೇ ಇಟ್ಟುಬಿಟ್ಟಿದ್ದಳು.

“ಅಕ್ಕಾ, ಬಾ ಇಲ್ಲಿ,” ಎಂದು ಕಟಿಂಗ್ ಮಾಮ ಕೂಗಿದ. “ಈ ಜರಡಿ ನಿಂದೇನಾ?”

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ನೋಡಿದಳು. “ನಂದೇ. ಹಿಡಿಗೆ ನೀಲಿ ದಾರ ಸುತ್ತಿದೆಯಲ್ಲ. ಹೋದ ವಾರ ಹಿಡಿ ಮುರಿದಾಗ ಜಿಪ್ಪಣ್ಣನೇ ಸುತ್ತಿಕೊಟ್ಟಿದ್ದು.”

ಎಲ್ಲರೂ ಜಿಪ್ಪಣ್ಣನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನ ಕೈ ತಾನಾಗಿಯೇ ಜೇಬಿನ ಫೋನಿನ ಮೇಲೆ ಹೋಯಿತು.

“ದಾರ ಸುತ್ತಿದ್ದು ನಾನು,” ಎಂದ. “ಫೋಟೋಗೆ ಹಿಡಿದಿದ್ದು ಯಾರೋ. ನಾನು ಹೊಲಿದ ಚೀಲದಲ್ಲಿ ಕಳ್ಳ ಮಾಲು ಹಾಕಿದ್ರೆ ನಾನು ಕಳ್ಳನಾ?”

“ಅದೂ ಸರಿ ಅನ್ನಿ,” ಎಂದ ಪೋಸ್ಟಣ್ಣ. “ಇವನ ಬಾಯಲ್ಲಿ ಹಲ್ಲಿದೆಯೋ ಇಲ್ಲವೋ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇವನು ಬೈತಾನಾ?”

“ಯಾರೇ ಆಗಲಿ, ಈ ಮೇಜಿನಲ್ಲಿ ಕೂತು ಬೈದಿದ್ದಾನೆ,” ಎಂದ ಕಟಿಂಗ್ ಮಾಮ. ಅವನು ಆಗಲೇ ಕಾಗದದ ಮೇಲೆ ಲೆಕ್ಕ ಮಾಡುತ್ತಿದ್ದ. “ಇನ್ನೂರ ಹದಿನಾಲ್ಕು ಬೈಗುಳ ಅಂತ ಫೋನೇ ತೋರಿಸ್ತಿದೆ, ಅಂದ್ರೆ ಇನ್ನೂರ ಹದಿನಾಲ್ಕು ಬಿಲ್. ನಾಲ್ಕು ವರ್ಷದ ಭಾನುವಾರ ಅವನೊಬ್ಬನೇ ಕೊಡಬೇಕು.”

“ಬಿಲ್ ಹಾಳಾಗಿ ಹೋಗಲಿ,” ಎಂದ ಕಂಡಕ್ಟರ್. “ಸಿಕ್ಕರೆ ಈ ಕುರ್ಚಿಯಿಂದ ಇಳಿಸೋದೇ. ನಡೀ ಮುಂದೆ ಅಂತ ದಾರಿ ಮಧ್ಯ ಇಳಿಸೋದು. ಏನಂತೀರಾ ಭಾವ?”

ಈ ‘ಏನಂತೀರಾ’ ಎಂಬ ಮಾತಿಗಾಗಿಯೇ ಜಿಪ್ಪಣ್ಣ ಆರು ವರ್ಷ ಅಲ್ಲಿ ಬಂದು ಕೂತದ್ದು. ಗಿರಾಕಿಗಳು ಅವನನ್ನು ಕೇಳುತ್ತಿದ್ದದ್ದು ‘ಆಯ್ತಾ?’ ಎಂದು. ಹೆಂಡತಿ ಕೇಳುತ್ತಿದ್ದದ್ದು ‘ಇನ್ನೂ ಆಗಿಲ್ವಾ?’ ಎಂದು. ನೀನೇನಂತೀಯ ಎಂದು ಕೇಳುವ ಜಾಗ ಲೋಕದಲ್ಲಿ ಅದೊಂದೇ ಇತ್ತು. ಆ ಕುರ್ಚಿ ಹೋದರೆ ಮತ್ತೆ ಮೆಷಿನ್ನೇ ಗತಿ.

“ಇಳಿಸಲೇಬೇಕು,” ಎಂದ ಜಿಪ್ಪಣ್ಣ. “ನನ್ನ ಮೆಷಿನ್ ಮೇಲೆ ಆಣೆ, ನಾನಂತೂ ಅಲ್ಲ.”

ಅಷ್ಟರಲ್ಲಿ ಬಾಗಿಲ ಬೆಳಕು ಹೋಯಿತು. ತಲೆ ಎತ್ತಿ ನೋಡಿದರೆ ಕೀಪರ್. ಬಾಗಿಲಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದ್ದ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಚೀಲ. ಹಳದಿ ಹಾಸನ್ನು ನೋಡಿದ, ಫೋನನ್ನು ನೋಡಿದ, ಸುಟ್ಟ ಕಲೆಯ ಮೇಲೆ ಬೆರಳಿಟ್ಟ.

“ಇದೇ ಮೇಜು. ಫೋಟೋ ನೋಡಿದ ಕೂಡಲೇ ನೆನಪಾಯ್ತು,” ಎಂದ. “ಇಲ್ಲಿ ಗುಮ್ಮ ಯಾರು?”

 ಕೀಪರನ ಅಂಗೈ ಜಿಪ್ಪಣ್ಣನ ಮುಖಕ್ಕಿಂತ ದೊಡ್ಡದಿತ್ತು. ಜಿಪ್ಪಣ್ಣ ಕೈ ತೊಳೆಯುವ ನೆಪದಲ್ಲಿ ಎದ್ದವನು, ನಲ್ಲಿ ಎಡಗಡೆ ಇರುವುದನ್ನು ಮರೆತು ಬಲಗಡೆಯ ಸಾಮಾನು ಕೋಣೆಗೆ ನುಗ್ಗಿದ. ಮೈದಾ ಹಿಟ್ಟಿನ ಮೂಟೆ ಎಡವಿ, ಹುಬ್ಬಿನವರೆಗೆ ಬೆಳ್ಳಗಾಗಿ ಹೊರಗೆ ಬಂದ.

“ಸಾರ್, ನಾವೂ ಅವನನ್ನೇ ಹುಡುಕ್ತಾ ಇದ್ದೀವಿ,” ಎಂದ ಪೋಸ್ಟಣ್ಣ. “ನಾವು ನಿಮ್ಮ ಬಗ್ಗೆ ಒಂದು ಮಾತು ಆಡಿದವರಲ್ಲ. ಆಡಿದ್ರೆ ನಮಗೆ ದಂಡ.”

“ಅದೇ ಆಗಿದ್ದು ನೋಡಿ,” ಎಂದು ಕೀಪರ್ ಜಿಪ್ಪಣ್ಣನ ಕುರ್ಚಿಯಲ್ಲೇ ಕೂತ. “ಕೋಚ್ ಚೆನ್ನಾಗಿ ಆಡ್ತೀಯ ಅಂದ. ಅಮ್ಮ ನನ್ನ ಮಗನಂಥವನಿಲ್ಲ ಅಂದ್ಲು. ಎಡಗಡೆ ತಡವಾಗಿ ಹಾರ್ತೀಯ, ಕಣ್ಣು ಮುಚ್ತೀಯ ಅಂತ ಹೇಳಿದವನು ಈ ಗುಮ್ಮ ಒಬ್ಬನೇ. ಮೊದಮೊದಲು ಅಳು ಬಂತು. ಆಮೇಲೆ ಅವನ ಒಂದೊಂದು ಬೈಗುಳವನ್ನೂ ಗೋಡೆಗೆ ಅಂಟಿಸಿಕೊಂಡು ಅಭ್ಯಾಸ ಮಾಡಿದೆ. ನಿನ್ನೆ ಹಿಡಿದ ಎರಡು ಪೆನಾಲ್ಟಿನೂ ಎಡಗಡೆದೇ. ಅವನಿಗೊಂದು ಉಡುಗೊರೆ ತಂದಿದ್ದೀನಿ.” ಚೀಲದಿಂದ ಒಂದು ದಪ್ಪ ಲಕೋಟೆ ತೆಗೆದು ಮೇಜಿನ ಮೇಲಿಟ್ಟ. “ಮುಂದಿನ ಶನಿವಾರದಿಂದ ಪೂರ್ತಿ ಸೀಸನ್ನಿಗೆ ಎರಡು ಸೀಟು. ಗೋಲಿನ ಪಕ್ಕದಲ್ಲೇ, ಚಾವಣಿ ಕೆಳಗೆ. ಕೂತಲ್ಲಿಗೇ ಟೀ ಬರುತ್ತೆ.”

ಕಟಿಂಗ್ ಮಾಮ ಗಂಟಲು ಸರಿಮಾಡಿಕೊಂಡ. “ಹೇಳಬಾರದು ಅಂತಿದ್ದೆ, ಸಾರ್. ಅದು ನಾನೇ.”

“ಏ, ಇವನಿಗೆ ಫೋನಲ್ಲಿ ಟೈಪ್ ಮಾಡೋಕೆ ಬರಲ್ಲ!” ಎಂದ ಪೋಸ್ಟಣ್ಣ. “ಮೂವತ್ತು ವರ್ಷ ಊರಿನವರ ಕಾಗದ ಓದಿದವನು ನಾನು. ಬರೆಯೋ ಕೈ ನಂದು.”

“ಊರಿನವರ ಕಾಗದ ಓದ್ತಿದ್ಯಾ?” ಎಂದಳು ಅಕ್ಕ.

“ಸಾರ್, ಇವರಿಬ್ಬರಿಗೂ ವಯಸ್ಸಾಯ್ತು,” ಎಂದ ಕಂಡಕ್ಟರ್. “ಬಸ್ಸಲ್ಲಿ ನಿಂತುಕೊಂಡೇ ಬರೀತಿದ್ದೆ, ನಾನು.”

ಐದು ನಿಮಿಷದ ಕೆಳಗೆ ಯಾರಿಗೂ ಬೇಡವಾಗಿದ್ದ ಗುಮ್ಮ ಈಗ ಮೂರು ಜನ ಆಗಿದ್ದ.  ಎರಡು ವರ್ಷ ಮೆಷಿನ್ ಹಿಂದೆ ಕೂತು ಕೂತು ಬೆನ್ನು ಬಗ್ಗಿಸಿಕೊಂಡು ಬೈದದ್ದು ಜಿಪ್ಪಣ್ಣ!

“ಸುಳ್ಳು!” ಎಂದು ಕೂಗಿದ. ಬಾಯಿಂದ ಹಿಟ್ಟು ಹಾರಿತು. “ಗುಮ್ಮ ನಾನು!”

“ಮೆಷಿನ್ ಮೇಲೆ ಆಣೆ ಇಟ್ಟೆಯಲ್ಲೋ,” ಎಂದ ಪೋಸ್ಟಣ್ಣ.

“ಹಳೇ ಮೆಷಿನ್ನು, ಹೋದ್ರೆ ಹೋಯ್ತು.”

“ಮೊದಲನೇ ಬೈಗುಳ ಯಾವುದು?” ಎಂದು ಕೀಪರ್ ಕೇಳಿದ. ಕಟಿಂಗ್ ಮಾಮ ಮೇಲೆ ನೋಡಿದ, ಕಂಡಕ್ಟರ್ ಕೆಳಗೆ ನೋಡಿದ. ಜಿಪ್ಪಣ್ಣ ಕಣ್ಣು ಮುಚ್ಚಿಕೊಂಡು, ಶಾಲೆಯ ಹುಡುಗ ಮಗ್ಗಿ ಹೇಳುವಂತೆ, ಬಾಗಿಲಿಲ್ಲದ ಮನೆಯಿಂದ ಶುರುಮಾಡಿ ಹದಿನೇಳನೆಯದಕ್ಕೆ ಬಂದಾಗ ಕೀಪರ್ ಅವನನ್ನು ತಬ್ಬಿಕೊಂಡ. ಜಿಪ್ಪಣ್ಣನ ಕಾಲು ನೆಲ ಬಿಟ್ಟು ಗೇಣು ಮೇಲೆ ಹೋಯಿತು.

“ನಿಮ್ಮ ಋಣ ತೀರಿಸೋಕಾಗಲ್ಲ ಅಣ್ಣ. ಹನ್ನೊಂದೂವರೆಗೆ ನನ್ನ ರೈಲು. ಲಕೋಟೆಯಲ್ಲಿ ಕಾಗದ ಇದೆ, ಓದಿ,” ಎಂದು ಕೀಪರ್ ತಲೆ ತಗ್ಗಿಸಿ ಬಾಗಿಲು ದಾಟಿದ.

ಅವನ ಹೆಜ್ಜೆ ಸದ್ದು ನಿಂತ ಮೇಲೆ ಪೋಸ್ಟಣ್ಣ ಬಿಲ್ಲನ್ನು ಜಿಪ್ಪಣ್ಣನ ಮುಂದೆ ಸರಿಸಿದ. “ಇದು ಮೊದಲನೇದು. ಇನ್ನು ಇನ್ನೂರ ಹದಿಮೂರು.”

“ಆಮೇಲೆ ಕುರ್ಚಿ,” ಎಂದ ಕಟಿಂಗ್ ಮಾಮ.

ಜಿಪ್ಪಣ್ಣನಿಗೆ ಆವತ್ತು ಎಂದೂ ಇಲ್ಲದ ಬುದ್ಧಿ ಓಡಿತು. “ಬಿಲ್ ಎಲ್ಲ ಕೊಡ್ತೀನಿ. ಬರೆದು ಸಹಿ ಹಾಕಿಕೊಡ್ತೀನಿ. ಸೀಟು ಎರಡಿದೆ. ಒಂದರಲ್ಲಿ ನಾನು. ಇನ್ನೊಂದರಲ್ಲಿ ಸರದಿ ಮೇಲೆ ನೀವು. ಕುರ್ಚಿ ಇರೋವರೆಗೆ ಸೀಟು.”

ಮೇಜು ಒಂದು ಕ್ಷಣ ಯೋಚಿಸಿತು.

“ಬೈದ್ರೂ ಒಳ್ಳೇದಕ್ಕೇ ಬೈದಿದ್ದಾನೆ,” ಎಂದ ಪೋಸ್ಟಣ್ಣ.

“ನಮ್ಮ ಭಾವ ಅಂದ್ರೆ ಸುಮ್ನೇನಾ?” ಎಂದ ಕಂಡಕ್ಟರ್, ಅವನ ಭುಜದ ಹಿಟ್ಟು ಕೊಡವುತ್ತ. ಕಟಿಂಗ್ ಮಾಮ ವರ್ಷವಿಡೀ ಪುಕ್ಕಟೆ ಕ್ಷೌರ ಎಂದುಬಿಟ್ಟ. ಜಿಪ್ಪಣ್ಣ ಕಟಿಂಗ್ ಮಾಮನ ಕಾಗದದ ಹಿಂದೆ ಇನ್ನೂರ ಹದಿನಾಲ್ಕು ಬಿಲ್ ಎಂದು ಬರೆದು ಸಹಿ ಹಾಕಿದ. ಅಕ್ಕ ಸಾಕ್ಷಿ ಹಾಕಿದಳು. ಆಮೇಲೆ ಲಕೋಟೆ ಒಡೆದರು.

ಟಿಕೆಟ್ಟು ಹಸಿರು ಬಣ್ಣದ್ದಾಗಿತ್ತು.

ಹಸಿರು ಎಂದರೆ ಪಕ್ಕದ ಊರಿನ ತಂಡ. ಕೆಂಪು ಅಂಗಿಯವರು ಮೂರು ತಲೆಮಾರಿನಿಂದ ಯಾರ ಮುಖ ನೋಡಿದರೆ ಮೈ ತೊಳೆದುಕೊಳ್ಳುತ್ತಿದ್ದರೋ ಆ ತಂಡ. ಪೋಸ್ಟಣ್ಣ ಕನ್ನಡಕ ಸರಿಮಾಡಿ ಕಾಗದ ಓದಿದ:

“ಗುಮ್ಮಣ್ಣನಿಗೆ ನಮಸ್ಕಾರ. ನಿನ್ನೆ ಆ ಎರಡು ಪೆನಾಲ್ಟಿ ನೋಡಿ ಹಸಿರಿನವರು ಮೂರು ಪಟ್ಟು ಸಂಬಳಕ್ಕೆ ನನ್ನನ್ನು ಕರೆದರು, ಒಪ್ಪಿಕೊಂಡೆ. ಎಲ್ಲ ನಿಮ್ಮ ದಯೆ. ಸೀಟು ಅವರ ಅಭಿಮಾನಿಗಳ ಸಾಲಿನಲ್ಲಿದೆ, ಹಸಿರು ಅಂಗಿ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಬೈಯುವುದನ್ನು ಮಾತ್ರ ನಿಲ್ಲಿಸಬೇಡಿ.”

 ಪೋಸ್ಟಣ್ಣ ಕಾಗದ ಮಡಚಿದ. “ಈಗ ಅವನು ನಮ್ಮವನಲ್ಲ. ಈಗ ಬೈಯಪ್ಪ ಜಿಪ್ಪಣ್ಣ, ಎಷ್ಟು ಬೇಕಾದ್ರೂ ಬೈ. ದಂಡ ಇಲ್ಲ.”

ಜಿಪ್ಪಣ್ಣ ಬಾಯಿ ತೆರೆದ. ಎಡಗಡೆ ನೆನಪು ಮಾಡಿಕೊಂಡ, ಕಣ್ಣು ನೆನಪು ಮಾಡಿಕೊಂಡ. ಜರಡಿಯನ್ನು ಬೆಳಿಗ್ಗೆಯೇ ಖರ್ಚು ಮಾಡಿಯಾಗಿತ್ತು. ಬೈಯುವುದಕ್ಕೆ ಆ ಕೀಪರನಲ್ಲಿ ಒಂದು ತಪ್ಪೂ ಉಳಿದಿರಲಿಲ್ಲ.

ಕೀಪರ್ ಊರು ಬಿಟ್ಟದ್ದು ಅದೇ ಭಾನುವಾರ, ಹನ್ನೊಂದೂವರೆಯ ರೈಲಿಗೆ. ಮಂಗಳವಾರ ಕೆಂಪು ತಂಡದ ಕೋಚ್ ಹೋದ. ಬುಧವಾರ ಕಟಿಂಗ್ ಮಾಮನ ಪುಕ್ಕಟೆ ಕ್ಷೌರ ಹೋಯಿತು. ಸಹಿ ಹಾಕಿದ ಕಾಗದ ಮಾತ್ರ ಉಳಿಯಿತು. ಶನಿವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹಸಿರು ಅಂಗಿ ತೊಟ್ಟು, ಪುಕ್ಕಟೆ ಸಿಕ್ಕ ಸೀಟು ಯಾಕೆ ಹಾಳು ಮಾಡಬೇಕು ಎಂದು ಹೊರಟವರು ಇಬ್ಬರು, ಕಂಡಕ್ಟರ್ ಮತ್ತು ಅವನ ಅಕ್ಕ, ಅಂದರೆ ಜಿಪ್ಪಣ್ಣನ ಹೆಂಡತಿ. ಆ ಎರಡೂ ಹಸಿರು ಅಂಗಿಗಳ ಕತ್ತಿನ ಜಿಪ್ಪು ಶುಕ್ರವಾರವೇ ಕೂಡಿಸಿಕೊಟ್ಟಿದ್ದವನು ಜಿಪ್ಪಣ್ಣ.