ದೈವದ ವಕಾಲತ್ತು

ಹೆಮ್ಮೆ ಪಡಬಾರದು ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಹಾಗೆ ಕಲಿಸುವವರೂ ಬೋರ್ಡಿನ ಮೇಲೆ ಬರೆದ ತಮ್ಮ ಮುದ್ದಾದ ಅಕ್ಷರವನ್ನು ಓರೆಗಣ್ಣಿನಲ್ಲಿ ನೋಡುತ್ತಲೇ ಇರುತ್ತಾರೆ. ನಮ್ಮ ಕಡೆ ಒಬ್ಬೊಬ್ಬರಿಗೆ ಒಂದೊಂದು ಹೆಮ್ಮೆ. ಒಬ್ಬರಿಗೆ ಕಂಬಳದಲ್ಲಿ ಗೆದ್ದ ಕೋಣ, ಇನ್ನೊಬ್ಬರಿಗೆ ಮದ್ದಳೆ ಬಾರಿಸುವ ಭಾವ, ಮತ್ತೊಬ್ಬರಿಗೆ ಮದರಾಸಿನಲ್ಲಿ ಓದಿ ಬಂದ ಅಳಿಯ. ನನ್ನದು ಸ್ವಲ್ಪ ವಿಚಿತ್ರ ಜಾತಿಯ ಹೆಮ್ಮೆ. ಮದುವೆ ಊಟದಲ್ಲಿ ಅದನ್ನು ಹೇಳಲು ಶುರು ಮಾಡಿದರೆ ಪಕ್ಕದವರು ಇನ್ನೊಂದು ಪಕ್ಕಕ್ಕೆ ತಿರುಗಿ ಸಾರು ಕೇಳುತ್ತಾರೆ. ಆದರೂ ಹೇಳಿಬಿಡುತ್ತೇನೆ. ಬಂಟ್ವಾಳದಲ್ಲಿ ನಾನು ವಕೀಲನಾಗಿದ್ದಷ್ಟು ಕಾಲ, ನಾನು ನೋಡಿ ಸರಿ ಎಂದ ಮನೆಯ ಮೇಲೆ ಸಾಲ ಕೊಟ್ಟ ಯಾವ ಬ್ಯಾಂಕೂ ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ.

ವಕೀಲ ಎಂದರೆ ಜನ ಕೋರ್ಟಿನಲ್ಲಿ ಗುಡುಗುವವನನ್ನು ನೆನೆಯುತ್ತಾರೆ. ನಾನು ಗುಡುಗಿದವನಲ್ಲ. ನನ್ನ ಸ್ವರ ನ್ಯಾಯಾಧೀಶರ ಮೇಜಿಗೆ ತಲುಪುವಷ್ಟರಲ್ಲಿ ಸುಸ್ತಾಗುತ್ತಿತ್ತು. ಹಾಗಾಗಿ ನಾನು ಮೆಲ್ಲಗೆ ಗೆದ್ದಲು ತಿಂದ ದಸ್ತಾವೇಜುಗಳ ಕಡೆಗೆ ಸರಿದೆ. ಅವು ಎದುರುತ್ತರ ಕೊಡುವುದಿಲ್ಲ. ಮನೆ ಕೊಳ್ಳಲು ಯಾರಾದರೂ ಬ್ಯಾಂಕಿಗೆ ಸಾಲ ಕೇಳಿ ಹೋದರೆ ಕಾಗದಗಳೆಲ್ಲ ನನ್ನ ಮೇಜಿಗೆ ಬರುತ್ತಿದ್ದವು. ಮಾರುವವರಿಗೆ ಮಾರುವ ಹಕ್ಕು ಉಂಟೇ, ಹಕ್ಕಿರುವ ಎಲ್ಲರೂ ಸಹಿ ಹಾಕಿದ್ದಾರೆಯೇ, ಹಳೆಯ ಅಡಮಾನ ಏನಾದರೂ ಬಾಕಿ ಉಂಟೇ, ಕೊಂಡ ಮೇಲೆ ಆ ಮನೆಯಲ್ಲಿ ಬೇರೆ ಯಾರಿಗಾದರೂ ಇರುವ ಹಕ್ಕು ಉಳಿಯುತ್ತದೆಯೇ ಎಂದು ನೋಡಿ ನಾನು ಸಹಿ ಮಾಡಬೇಕು. ನನ್ನ ಸಹಿ ಬಿದ್ದ ಮೇಲೆಯೇ ಬ್ಯಾಂಕಿನ ಪೆಟ್ಟಿಗೆ ತೆರೆಯುವುದು. ಗುಡುಗುವ ವಕೀಲರಿಗೆ ಈ ಸುಖ ಗೊತ್ತಿಲ್ಲ.

ನಮ್ಮಲ್ಲಿ ಈ ಕೆಲಸ ಸುಲಭವಲ್ಲ. ಬಂಟರ ಕುಟುಂಬಗಳಲ್ಲಿ ಅಳಿಯಸಂತಾನ. ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಇಳಿಯುತ್ತದೆ; ಯಜಮಾನರ ಸ್ವಂತ ಮಕ್ಕಳಿಗೆ ಅದರಲ್ಲಿ ಪಾಲಿಲ್ಲ. ಮೈಸೂರು ಕಡೆಯಿಂದ ಹೊಸತಾಗಿ ಬಂದಿದ್ದ ಬ್ಯಾಂಕ್ ಮ್ಯಾನೇಜರರು ಇದನ್ನು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ಏನ್ರೀ ವಕೀಲರೇ, ಅಪ್ಪನ ಮನೆಗೆ ಮಗನ ಸಹಿ ಬೇಡ, ತಂಗಿಯ ಸಹಿ ಬೇಕು ಅಂತೀರಲ್ಲ!" ಎಂದರು. ನಾನು ಅದನ್ನು ನಾನೇ ಕಂಡುಹಿಡಿದ ಕಾನೂನು ಎಂಬ ಗತ್ತಿನಲ್ಲಿ ತಲೆಯಾಡಿಸಿದೆ. ಆ ಮ್ಯಾನೇಜರರು ಬಂದ ವರ್ಷವೇ ಸಂಜೀವ ಮಾಸ್ಟ್ರ ಮನೆಯ ವ್ಯವಹಾರ ನನ್ನ ಮೇಜಿಗೆ ಬಂತು.

ಸಂಜೀವ ಮಾಸ್ಟ್ರು ಬಂಟ್ವಾಳದ ಕೆಳಗಿನ ಪೇಟೆಯಲ್ಲಿ ಬಾಡಿಗೆಗೆ ಇದ್ದವರು. ಪ್ರತಿ ಮಳೆಗಾಲ ನೇತ್ರಾವತಿ ಅವರ ಅಡುಗೆಮನೆಗೆ ಬಂದು ಹೋಗುತ್ತಿದ್ದಳು. ಅವರ ಹೆಂಡತಿ ಕಮಲಮ್ಮ ಅಕ್ಕಿಯ ಮುಡಿ, ಹಾಸಿಗೆ, ಮಗುವಿನ ತೊಟ್ಟಿಲುಗಳನ್ನು ಪರಿಚಯದ ಜವಳಿ ಅಂಗಡಿಯ ಮಾಳಿಗೆಗೆ ಸಾಗಿಸಬೇಕು. ನೀರು ಇಳಿದ ಮೇಲೆ ಕೆಸರು ತೊಳೆದು ಮತ್ತೆ ತರಬೇಕು. ಒಮ್ಮೆ ತೊಟ್ಟಿಲು ಕೈತಪ್ಪಿ ಹೊಳೆಯ ಪಾಲಾಯಿತು. ಪುಣ್ಯಕ್ಕೆ ಮಗು ಸೊಂಟದ ಮೇಲಿತ್ತು. "ಇನ್ನೊಂದು ಮಳೆಗಾಲ ನಾನು ಈ ಮನೆಯಲ್ಲಿ ಇರುವುದಿಲ್ಲ. ನೀವು ಬೇಕಾದರೆ ಇರಿ" ಎಂದು ಆಕೆ ಗಂಡನಿಗೆ ಹೇಳಿಬಿಟ್ಟಿದ್ದರು. ಮಾಸ್ಟ್ರು ಹುಡುಕಿ ಹುಡುಕಿ ಸಿದ್ಧಕಟ್ಟೆಯಲ್ಲಿ ಎತ್ತರದ ಜಾಗದ ಒಂದು ಹಂಚಿನ ಮನೆ ಗೊತ್ತುಮಾಡಿದರು. ಅದು ಕಾಂತಪ್ಪ ಶೆಟ್ಟರ ಕುಟುಂಬದ್ದು. ಕುಟುಂಬವೆಲ್ಲ ಮಿಜಾರಿನ ದೊಡ್ಡ ಮನೆಯಲ್ಲಿತ್ತು. ಶೆಟ್ಟರಿಗೆ ಇದನ್ನು ಮಾರಿ ಮೂಡುಬಿದಿರೆಯಲ್ಲಿ ಸೋದರಳಿಯನಿಗೊಂದು ಹೋಟೆಲು ಹಾಕಿಕೊಡುವ ಆಲೋಚನೆ.

ನಾನು ಮನೆ ನೋಡಲು ಹೋದೆ. ಗೋಡೆ ಗಟ್ಟಿ, ಬಾವಿಯಲ್ಲಿ ನೀರು, ಕಾಗದಪತ್ರ ಚೊಕ್ಕ. ಆದರೆ ಚಾವಡಿಯ ಪಕ್ಕದ ಕೋಣೆಯ ಬಾಗಿಲು ತೆರೆದರೆ ಒಳಗೆ ಉಯ್ಯಾಲೆ ಮಂಚ, ಮಂಚದ ಮೇಲೆ ಕತ್ತಿ, ಗಂಟೆ. ಕುಟುಂಬವನ್ನು ಕಾಯುವ ದೈವದ, ಎಂದರೆ ಭೂತದ, ಕೋಣೆ ಅದು. ವರ್ಷಕ್ಕೊಮ್ಮೆ ಮಿಜಾರಿನಿಂದ ಎಲ್ಲರೂ ಬಂದು ಅಲ್ಲಿ ತಂಬಿಲದ ಸೇವೆ ಕೊಡುತ್ತಿದ್ದರು.

ನಾನು ಕಂಡದ್ದನ್ನು ಕಂಡ ಹಾಗೆ ಬರೆದೆ. ಮ್ಯಾನೇಜರರು ಓದಿ ಕಾಗದ ವಾಪಸು ಮಾಡಿದರು. "ನಾಳೆ ಮೇಷ್ಟ್ರು ಕಂತು ಕಟ್ಟಲಿಲ್ಲ ಅಂತಿಟ್ಕೊಳ್ಳಿ. ಇನ್ನೊಬ್ಬರ ದೈವ ಇರೋ ಮನೇನ ಹರಾಜಿನಲ್ಲಿ ಯಾರು ಕೊಳ್ತಾರೆ? ನಾನೇ ಕೊಳ್ಳಲ್ಲ, ಭಯ ಆಗುತ್ತೆ" ಎಂದರು. ಮಾತು ಸರಿಯಾಗಿಯೇ ಇತ್ತು. ಶೆಟ್ಟರು ನನ್ನ ಕಿವಿಯ ಹತ್ತಿರ ಬಂದು, "ಅದನ್ನು ಭತ್ತದ ಕೋಣೆ ಅಂತ ಬರೆಯಿರಿ ಮಾರಾಯ್ರೆ, ದೈವ ಏನು ಬ್ಯಾಂಕಿಗೆ ಹೋಗಿ ಹೇಳ್ತದಾ?" ಎಂದರು. "ಶೆಟ್ರೆ, ಬ್ಯಾಂಕಿಗೆ ಹೇಳದಿದ್ದರೂ ನನಗೆ ಹೇಳೀತು" ಎಂದೆ. ಈ ಉತ್ತರ ನನಗೇ ಎಷ್ಟು ಹಿಡಿಸಿತೆಂದರೆ ಮನೆಗೆ ಬಂದು ಹೆಂಡತಿಗೆ ಮತ್ತೊಮ್ಮೆ ಹೇಳಿದೆ. ಅವಳು, "ಚಂದದ ಉತ್ತರ. ಕಮಲಮ್ಮನ ಹತ್ತಿರವೂ ಹೋಗಿ ಹೇಳಿ. ಅವಳು ಆಗಲೇ ಹಾಸಿಗೆ ಕಟ್ಟಲಿಕ್ಕೆ ಶುರು ಮಾಡಿದ್ದಾಳೆ" ಎಂದಳು. ಆಕಾಶದಲ್ಲಿ ಮೋಡ ಕಟ್ಟುವ ಕಾಲ ದೂರವಿರಲಿಲ್ಲ.

ದೈವವನ್ನು ಮಿಜಾರಿಗೆ ಕರೆದುಕೊಂಡು ಹೋಗುವುದೊಂದೇ ದಾರಿ. ಅದಕ್ಕೆ ಶೆಟ್ಟರ ಅಕ್ಕ ಅಂಬಕ್ಕೆಯವರು ಒಪ್ಪಬೇಕು. ಕುಟುಂಬದಲ್ಲಿ ಯಜಮಾನರು ತಮ್ಮನಾದರೂ ಮಾತು ನಡೆಯುವುದು ಅಕ್ಕನದ್ದು. ಅವರು ಎಲೆಗೆ ಸುಣ್ಣ ಹಚ್ಚುತ್ತ, "ಮನುಷ್ಯರನ್ನು ಏಳಿಸುವ ಹಾಗೆ ದೈವವನ್ನು ಏಳಿಸ್ಲಿಕ್ಕೆ ಆಗ್ತದಾ ವಕೀಲ್ರೆ? ಅಪ್ಪಣೆ ಕೇಳುವ. ಕೊಟ್ರೆ ಸಹಿ ಹಾಕ್ತೇನೆ. ಇಲ್ಲದಿದ್ರೆ ನಿಮ್ಮ ಬ್ಯಾಂಕೂ ಬೇಡ, ಅವನ ಹೋಟೆಲೂ ಬೇಡ" ಎಂದರು.

ಅಪ್ಪಣೆ ಕೇಳುವ ದಿನ ಬೆಳಗ್ಗೆ ಸಿದ್ಧಕಟ್ಟೆಯ ಮನೆಯಲ್ಲಿ ಕುಟುಂಬವೆಲ್ಲ ಸೇರಿತು. ಮಾಸ್ಟ್ರೂ ಕಮಲಮ್ಮನೂ ಅಂಗಳದ ಬದಿಯಲ್ಲಿ ಕೈಮುಗಿದು ನಿಂತಿದ್ದರು. ಅಡಿಕೆಯ ಹೂಗೊನೆ ಹಿಂಗಾರವನ್ನು ಹಿಡಿದ ಪಾತ್ರಿಗಳ ಮೈಮೇಲೆ ದೈವ ಬಂದು ದರ್ಶನವಾಯಿತು. ವಿಷಯವನ್ನು ಬಿಡಿಸಿ ಹೇಳಬಲ್ಲವರು ನೀವೇ ಎಂದು ಎಲ್ಲರೂ ನನ್ನನ್ನು ಮುಂದೆ ದೂಡಿದರು. ನಾನು ಕೋರ್ಟಿನಲ್ಲಿ ಎಂದೂ ಏಳದ ಸ್ವರ ಎತ್ತಿ ಅರಿಕೆ ಮಾಡಿಕೊಂಡೆ. ದೈವ ಕೊನೆಯ ತನಕ ಕೇಳಿಸಿಕೊಂಡಿತು. ಆಮೇಲೆ ತುಳುವಿನಲ್ಲಿ ಕೇಳಿತು: "ನೀನು ಯಾರ ಪರವಾಗಿ ಬಂದವನು?"

"ಬ್ಯಾಂಕಿನ ಪರವಾಗಿ."

"ಕೊಳ್ಳುವವನ ಕಾಗದ ಬರೆಯುವುದು ಯಾರು?"

"ಅದೂ ನಾನೇ."

"ಕೊಡುವವರದ್ದು?"

"ಅದೂ..." ಎಂದೆ. ಅಂಬಕ್ಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಹಾಗಾದರೆ ನನ್ನ ಪರವಾಗಿ ಯಾರು?"

ನನ್ನ ವೃತ್ತಿಯಲ್ಲಿ ಇಷ್ಟು ನೆಟ್ಟಗಿನ ಪ್ರಶ್ನೆಯನ್ನು ಯಾವ ನ್ಯಾಯಾಧೀಶರೂ ಕೇಳಿರಲಿಲ್ಲ. ಉತ್ತರವನ್ನೂ ದೈವವೇ ಕೊಟ್ಟಿತು. "ನೀನೇ ನಿಲ್ಲು. ಮಿಜಾರಿನಲ್ಲಿ ನನ್ನ ಸ್ಥಾನ ಎದ್ದು ನಿಲ್ಲಲಿ. ಆಮೇಲೆ ಇವರ ಕಾಗದ" ಎಂದು ನನ್ನ ಕೈಗೆ ಹಿಂಗಾರದ ಎಸಳು, ಗಂಧ ಹಾಕಿತು.

ಒಂದೇ ವ್ಯವಹಾರದಲ್ಲಿ ಬ್ಯಾಂಕು, ಕೊಳ್ಳುವವರು, ಮಾರುವವರು, ದೈವ, ಇಷ್ಟೂ ಕಡೆಯ ವಕಾಲತ್ತು ವಹಿಸಿದ ಇನ್ನೊಬ್ಬ ವಕೀಲ ನಮ್ಮ ಜಿಲ್ಲೆಯಲ್ಲಿದ್ದರೆ ತೋರಿಸಿ. ನಾನು ಕಾಟಾಚಾರಕ್ಕೆ ಕೆಲಸ ಮಾಡುವವನಲ್ಲ. ಮಿಜಾರಿಗೆ ಹೋಗಿ, ಗುಡಿ ಕಟ್ಟಲು ಶೆಟ್ಟರು ಗುರುತು ಹಾಕಿದ್ದ ಜಾಗದಲ್ಲಿ ನಿಂತು, "ಇದರ ಮೂಲಪತ್ರ ಎಲ್ಲಿ?" ಎಂದು ಕೇಳಿದೆ. ಶೆಟ್ಟರು ಬಾಯಿ ಬಿಟ್ಟು ನೋಡಿದರು. "ದೈವಕ್ಕೂ ಮೂಲಪತ್ರವಾ ವಕೀಲ್ರೆ?" ಎಂದರು. "ಬ್ಯಾಂಕಿಗೆ ನೋಡಿದ್ದನ್ನು ದೈವಕ್ಕೆ ನೋಡದೆ ಇರ್ಲಿಕ್ಕೆ ಆಗ್ತದಾ?" ಎಂದೆ. ನೋಡಿದರೆ, ಆ ಜಾಗದ ಅರ್ಧ ಪಕ್ಕದವರಿಂದ ಗೇಣಿಗೆ ಪಡೆದದ್ದು! ನಾಳೆ ಅವರು ಜಾಗ ಬಿಡಿ ಎಂದರೆ ದೈವ ಮತ್ತೆ ಮನೆ ಹುಡುಕಬೇಕು. ಮಾಸ್ಟ್ರ ಪಾಡು ದೈವಕ್ಕೂ ಬರುವುದು ನನಗೆ ಸರಿಕಾಣಲಿಲ್ಲ. ಗುರುತು ಕೀಳಿಸಿ, ಕುಟುಂಬದ ಸ್ವಂತ ಜಾಗದಲ್ಲಿ ಹಾಕಿಸಿದೆ. ಮುರಕಲ್ಲು ಇಳಿಯುವಾಗ, ಗೋಡೆ ಏಳುವಾಗ, ಹಂಚು ಹೊದೆಸುವಾಗ ಬಿಸಿಲಲ್ಲಿ ಕೊಡೆ ಹಿಡಿದು ನಿಂತೆ. ಕೋರ್ಟಿನ ಬೇಸಿಗೆ ರಜೆಗೆ ತವರಿಗೆ ಹೋಗೋಣ ಎಂದಿದ್ದ ಹೆಂಡತಿ, "ನಿಮ್ಮ ಹೊಸ ಕಕ್ಷಿದಾರರು ರಜೆ ಕೊಡುವ ಹಾಗೆ ಕಾಣುವುದಿಲ್ಲ" ಎಂದು ಒಬ್ಬಳೇ ಬಸ್ಸು ಹತ್ತಿದಳು.

ಅಂತೂ ದೈವ ಮಿಜಾರಿಗೆ ಹೋಯಿತು. ಅಂಬಕ್ಕೆ ಸಹಿ ಹಾಕಿದರು, ಕುಟುಂಬವೆಲ್ಲ ಸಹಿ ಹಾಕಿತು. ನಾನು ಹೊಸ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಸದರಿ ಕೋಣೆಯು ಖಾಲಿ ಇದ್ದು, ಅದರಲ್ಲಿ ಯಾರೂ ವಾಸ ಇರುವುದಿಲ್ಲ. ಮ್ಯಾನೇಜರರು ಅದನ್ನೋದಿ, "ಇದು ಕಣ್ರೀ ಕೆಲಸ ಅಂದ್ರೆ" ಎಂದರು. ಆ ಮಾತನ್ನು ನಾನು ಈಗಲೂ ಆಗಾಗ ಒಳಗೊಳಗೇ ಕೇಳಿಸಿಕೊಳ್ಳುತ್ತೇನೆ. ಮೊದಲ ಮಳೆ ಬೀಳುವ ಮುಂಚೆ ಮಾಸ್ಟ್ರ ಸಂಸಾರ ಸಿದ್ಧಕಟ್ಟೆ ಸೇರಿತು.

ಒಂದು ಜಡಿಮಳೆಯ ಮಧ್ಯಾಹ್ನ ಬ್ಯಾಂಕಿನ ನಿಯಮದಂತೆ ಮನೆ ನೋಡಲು ಮ್ಯಾನೇಜರರು ಹೊರಟರು. ಹೊಗಳಿಕೆ ಎರಡನೆಯ ಸಲವೂ ಸಿಕ್ಕೀತೆಂದು ನಾನೂ ಜೊತೆಗೆ ಹೋದೆ. ಕಮಲಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು, ಏನನ್ನೂ ಹೊರದೆ, ಏನನ್ನೂ ಕಟ್ಟದೆ, ಸುಮ್ಮನೆ ಮಳೆ ನೋಡುತ್ತಿದ್ದರು. ಎಲ್ಲ ಕೋಣೆಗಳನ್ನೂ ನೋಡುತ್ತ ಆ ಕೋಣೆಗೆ ಬಂದೆವು. ಮಂಚವಿಲ್ಲ, ಕತ್ತಿಯಿಲ್ಲ, ಗಂಟೆಯಿಲ್ಲ. ಗುಡಿಸಿ ಒರೆಸಿದ ನೆಲದ ಮಧ್ಯದಲ್ಲಿ ಒಂದು ದೀಪ ಉರಿಯುತ್ತಿತ್ತು. ಕಮಲಮ್ಮ ಸಂಕೋಚದಿಂದ, "ಇಲ್ಲಿ ಸಾಮಾನು ಇಡ್ಲಿಕ್ಕೆ ಮನಸ್ಸು ಬರುವುದಿಲ್ಲ. ಯಾರೋ ಇದ್ದ ಹಾಗೆಯೇ ಆಗ್ತದೆ" ಎಂದರು. ಮ್ಯಾನೇಜರರು ನನ್ನ ಮುಖ ನೋಡಿದರು, ದೀಪ ನೋಡಿದರು. "ಖಾಲಿ ಅಂತ ಬರೆದಿದ್ದೀರಲ್ಲ ವಕೀಲರೇ, ಒಳಗೆ ಹೋಗಿ ಒಂದ್ಸಲ ಗೋಡೆ ನೋಡಿ ಬನ್ನಿ" ಎಂದು ತಾವು ಎರಡು ಹೆಜ್ಜೆ ಹಿಂದೆ ಸರಿದರು.

ಯಾರೂ ಇಲ್ಲವೆಂದು ಸಹಿ ಹಾಕಿದವನು ನಾನು. ಹೊಸ್ತಿಲ ಹೊರಗೆ ನಿಂತೆ, ಹೆಗಲ ಶಾಲು ಸೊಂಟಕ್ಕೆ ಕಟ್ಟಿಕೊಂಡೆ, ಕೈಮುಗಿದು, ಒಳಗೆ ಬರಬಹುದೇ ಎಂದು ಕೇಳಿದೆ.