ದಪ್ಪ ಟೈರಿನ ದಾಂಪತ್ಯ

ನಮ್ಮ ಮನೆಗೆ ಹೊಸದಾಗಿ ಬರುವ ವಸ್ತುಗಳು ಎರಡೇ: ಬೆಳಗಿನ ಹಾಲು, ಬೆಳಗಿನ ಪೇಪರು. ಉಳಿದವೆಲ್ಲ ಬೇರೆಯವರ ಮನೆಯಲ್ಲಿ ಬಾಳಿ ಬದುಕಿ, ಅಲ್ಲಿನ ಸುಖದುಃಖಗಳನ್ನೆಲ್ಲ ಉಂಡು, ಆಮೇಲೆ ನಮ್ಮಲ್ಲಿಗೆ ದಯಮಾಡಿಸಿದವು. ಫ್ರಿಜ್ಜು ಒಬ್ಬ ಹಲ್ಲಿನ ಡಾಕ್ಟರದ್ದು. ಸೋಫಾ ಬಾಗಿಲು ಮುಚ್ಚಿದ ಒಂದು ಹೋಟೆಲಿನದು. ಮಂಚ ಯಾರದೆಂದು ನನಗೆ ಹೇಳಿಲ್ಲ. ಗೊತ್ತಾದರೆ ನಿದ್ದೆ ಬರಲಿಕ್ಕಿಲ್ಲವೆಂದು ನಾನೂ ಕೇಳಿಲ್ಲ.

ಇದು ಬಡತನವಲ್ಲ, ಸಿದ್ಧಾಂತ. ಪ್ರತಿಪಾದಕಿ ನನ್ನ ಹೆಂಡತಿ. ಪರದೆ, ಸೋಫಾ ಕವರು ಹೊಲಿಯುವುದು ಅವಳ ಕಸುಬು. ಊರಿನ ಅರ್ಧ ಕಿಟಕಿಗಳ ಮಾನ ಅವಳ ಕೈಯಲ್ಲಿದೆ.

"ಹೊಸ ಸಾಮಾನು ಮೊದಲ ದಿನ ನಗ್ತಾನೇ ಇರುತ್ತೆ ರೀ. ಅದರ ನಿಜ ಬಣ್ಣ ಆಮೇಲೆ ಗೊತ್ತಾಗೋದು. ಹಳೇದಾದ್ರೆ ಕೊಂಕೆಲ್ಲ ಆಗಲೇ ಹೊರಗೆ ಬಿದ್ದಿರುತ್ತೆ, ನೋಡ್ಕೊಂಡು ತರಬಹುದು," ಎನ್ನುತ್ತಾಳೆ. (ಇದನ್ನು ಹೇಳುವಾಗ ನನ್ನನ್ನೇ ಏಕೆ ನೋಡುತ್ತಾಳೋ ತಿಳಿಯದು.)

ನಾನೋ ಮೂವರು ಅಣ್ಣಂದಿರ ತಮ್ಮ. ನನ್ನ ಪಾಲಿಗೆ ಬಂದ ಅಂಗಿಗಳಿಗೆಲ್ಲ ಮೊದಲೇ ಮೂರು ಬೆನ್ನುಗಳ ಪರಿಚಯವಿತ್ತು. ಪಠ್ಯಪುಸ್ತಕದ ಅಂಚಿನಲ್ಲಿ ಅಣ್ಣಂದಿರು ಬರೆದಿಟ್ಟ ತಪ್ಪು ಉತ್ತರಗಳನ್ನು ನಂಬಿ ನಾನೂ ತಪ್ಪು ಬರೆದೆ. ಹೊಸ ವಸ್ತುವೊಂದರ ಕಾಗದ ಬಿಚ್ಚಿ, ಲೋಕದಲ್ಲಿ ಎಲ್ಲರಿಗಿಂತ ಮೊದಲು ಅದನ್ನು ಮುಟ್ಟಿದವನು ನಾನು ಎನ್ನುವ ಸುಖ ಒಮ್ಮೆಯಾದರೂ ಸಿಗಬೇಕೆಂಬ ಆಸೆ ನನಗಿತ್ತು. ನಗುವವರು ನಗಲಿ. ತಲೆ ನರೆತ ಮೇಲೂ ಅದು ಹೋಗಿರಲಿಲ್ಲ.

ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, "ಇದು ಸ್ಪಷ್ಟವಾ, ಇದಾ?" ಎಂದು ಬೆಳಗಿನಿಂದ ಸಂಜೆಯವರೆಗೆ ಕೇಳುವುದೇ ನನ್ನ ಉದ್ಯೋಗ. ಮನೆಯಿಂದ ಅಂಗಡಿಗೆ ಕೆರೆದಂಡೆಯ ಮೇಲೊಂದು ಒಳದಾರಿಯಿದೆ. ಹತ್ತಿರವೇನೋ ಹೌದು, ಆದರೆ ಬರೀ ಮರಳು ಮತ್ತು ಜಲ್ಲಿ. ಮಾಮೂಲಿ ಸೈಕಲ್ಲಿನ ಚಕ್ರ ಅಲ್ಲಿ ಹೂತುಕೊಳ್ಳುತ್ತದೆ. ಹಾಗಾಗಿ ನಾನು ನಡೆದೇ ಓಡಾಡುತ್ತಿದ್ದೆ. ಬೂಟಿನೊಳಗೆ ಅರ್ಧ ಕೆರೆದಂಡೆಯನ್ನು ಹೊತ್ತು ತಂದು, ಹೆಂಡತಿ ಆಗಷ್ಟೇ ಗುಡಿಸಿದ ನೆಲದ ಮೇಲೆ ಸುರಿದು, ಬೈಸಿಕೊಳ್ಳುತ್ತಿದ್ದೆ.

ಹೀಗಿರುವಾಗ ಒಬ್ಬ ಗಿರಾಕಿ ಅದೇ ದಾರಿಯಲ್ಲಿ ದಪ್ಪ ಟೈರಿನ ಸೈಕಲ್ ತುಳಿಯುತ್ತ, ಮರಳನ್ನು ಕ್ಯಾರೇ ಅನ್ನದೆ, ಅಂಗಡಿಯ ಮುಂದೆ ಬಂದಿಳಿದ. ಅದಕ್ಕೆ ಫ್ಯಾಟ್ ಬೈಕ್ ಎನ್ನುತ್ತಾರಂತೆ. ಉಬ್ಬಿದ ಚಕ್ರ, ಗಟ್ಟಿಮುಟ್ಟಾದ ಮೈ, ಯಾವ ಅವಸರವೂ ಇಲ್ಲದ ನಡಿಗೆ. ನನಗೂ ಅದಕ್ಕೂ ಮೈಕಟ್ಟಿನಲ್ಲೇ ಹೋಲಿಕೆಯಿತ್ತು. ನೋಡಿದ ಕೂಡಲೇ ರಕ್ತಸಂಬಂಧಿ ಸಿಕ್ಕಷ್ಟು ಖುಷಿಯಾಯಿತು.

ಸಂಜೆ ಹೆಂಡತಿಗೆ ಹೇಳಿದೆ. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಪರದೆಗೆ ನಿರಿಗೆ ಹಿಡಿಯುತ್ತಿದ್ದಳು.

"ಊದಿಕೊಂಡ ಸೈಕಲ್ಲಾ?"

"ಊದಿಕೊಂಡಿಲ್ಲ, ಅದರ ಜಾತಿನೇ ಹಾಗೆ."

"ತಗೊಳ್ಳಿ, ಬೇಡ ಅಂದವರ್ಯಾರು? ನೆಲಕ್ಕೆ ಮರಳು ಬೀಳೋದಾದ್ರೂ ತಪ್ಪುತ್ತೆ. ಯಾರಾದ್ರೂ ಹಳೇದು ಮಾರ್ತಾ ಇದಾರಾ ವಿಚಾರಿಸ್ತೀನಿ."

"ಹಳೇದು ಬೇಡ," ಎಂದೆ. ಧ್ವನಿ ಗಟ್ಟಿಯಾಗಿರಬೇಕೆಂದು ಉದ್ದೇಶವಿತ್ತು, ಹೊರಬಂದಾಗ ಕೆಮ್ಮಿನಂತಿತ್ತು.

ಮೊದಲು ಹೊಸದನ್ನು ನೋಡಲು ಅಂಗಡಿಗೆ ಹೋದೆವು. ಆಹಾ! ಟೈರಿನ ಮೇಲೆ ಹೊಸ ರಬ್ಬರಿನ ಸಣ್ಣ ಸಣ್ಣ ಕೂದಲು ಇನ್ನೂ ಉದುರಿರಲಿಲ್ಲ. ಬ್ರೇಕ್ ಹಿಡಿದರೆ ಸದ್ದೇ ಇಲ್ಲ. ಪೆಡಲಿಗೆ ಪ್ಲಾಸ್ಟಿಕ್ ಹೊದಿಕೆ. ನಾನು ಮೂಸಿ ನೋಡಿದೆ. (ಹೌದು, ಮೂಸಿದೆ.) ಹತ್ತಿ ಕೂತಾಗ ಮಾತ್ರ ಸೀಟು ಎಲ್ಲೋ ಒತ್ತಿತು. ಅಂಗಡಿಯವನು ಏರಿಸಿದ, ಇಳಿಸಿದ, ಮತ್ತೆ ಏರಿಸಿದ. "ಈಗ ಸರಿಯಾ ಸರ್, ಮೊದಲು ಸರಿಯಿತ್ತಾ?" ಎಂದು ಅವನು ಕೇಳಿದಾಗ, ಇಷ್ಟು ವರ್ಷ ನನ್ನ ಗಿರಾಕಿಗಳು ಪಟ್ಟ ಪಾಡೇನೆಂದು ನನಗೆ ಅರ್ಥವಾಯಿತು. ಒಂದೂ ತಿಳಿಯಲಿಲ್ಲ. "ಸರಿ ಸರಿ," ಎಂದುಬಿಟ್ಟೆ.

ಹೆಂಡತಿ ಬೆಲೆಯ ಚೀಟಿಯನ್ನು ಓದಿ, ಅದನ್ನು ತಿರುಗಿಸಿ, ಹಿಂದುಗಡೆ ಇನ್ನೇನಾದರೂ ಸಮಾಧಾನಕರವಾದದ್ದು ಬರೆದಿದೆಯೋ ಎಂದು ನೋಡಿದಳು.

ಅಲ್ಲಿಂದ ನೇರ ಈಜು ಮೇಷ್ಟ್ರ ಮನೆಗೆ. ಊರಿನ ಮಕ್ಕಳಿಗೆಲ್ಲ ಈಜು ಕಲಿಸಿ ನಿವೃತ್ತರಾದವರು. ಮಂಡಿ ಕೈಕೊಟ್ಟಿದ್ದರಿಂದ ತಮ್ಮ ಹಳೆಯ ಫ್ಯಾಟ್ ಬೈಕ್ ಮಾರುತ್ತಿದ್ದರು. ಕಬ್ಬಿಣದ ಮೈ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಒಂದು ಕಾಲದಲ್ಲಿ ಕೆಂಪಾಗಿದ್ದ ಬಣ್ಣ. ಹ್ಯಾಂಡಲಿನ ಹಿಡಿ ಮೇಷ್ಟ್ರ ಬೆರಳುಗಳ ಆಕಾರಕ್ಕೇ ಸವೆದಿತ್ತು.

ಹಳೆಯ ಸಾಮಾನು ಕೊಳ್ಳುವಾಗ ನನ್ನ ಹೆಂಡತಿ ಸಾಮಾನನ್ನು ನೋಡುವುದಿಲ್ಲ, ಅದು ಬಾಳಿದ ಮನೆಯನ್ನು ನೋಡುತ್ತಾಳೆ. ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದಳು. ಬಚ್ಚಲಿನ ನಲ್ಲಿ, ಕಾಲೊರೆಸು, ಚಪ್ಪಲಿ ಸ್ಟ್ಯಾಂಡು ಎಲ್ಲವನ್ನೂ ತಪಾಸಣೆ ಮಾಡಿ ಹೊರಬಂದಳು.

"ಇದೇ ಇರಲಿ ರೀ."

"ಸೈಕಲ್ಲನ್ನೇ ನೀನು ನೋಡ್ಲಿಲ್ಲವಲ್ಲೇ!"

"ಅವರ ಮನೇಲಿ ಸೋಪಿನ ಡಬ್ಬೀಲಿ ಒಂದು ತೊಟ್ಟು ನೀರು ನಿಂತಿಲ್ಲ. ಸೋಪನ್ನ ಹಾಗೆ ಇಟ್ಕೊಂಡವರು ಚೈನಿಗೆ ಎಣ್ಣೆ ಹಾಕದೆ ಇರ್ತಾರಾ?"

ಮೇಷ್ಟ್ರು ವಿನಯದಿಂದ ತಲೆ ತಗ್ಗಿಸಿದರು. ನನಗೆ ಮಾತ್ರ ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ನೆತ್ತಿಗೇರಿತು.

"ಹುಟ್ಟಿದಾಗಿನಿಂದ ಬೇರೆಯವರ ಅಂಗಿ, ಬೇರೆಯವರ ಚಡ್ಡಿ, ಬೇರೆಯವರ ಮಂಚ! ಒಂದೇ ಒಂದು ಸಾಮಾನು ನನಗೋಸ್ಕರ ಅಂತ ಬರಬಾರದಾ? ನಾನು ಹೊಸದನ್ನೇ ತಗೊಳ್ಳೋದು!" ಎಂದು ಕೂಗಿ, ಗೇಟು ತಳ್ಳಿಕೊಂಡು ಬೀದಿಗೆ ಬಂದೆ.

ಹೆಂಡತಿ ತುಸು ತಡವಾಗಿ ಹಿಂದೆ ಬಂದಳು. ಈಗ ಮಹಾಯುದ್ಧವೆಂದು ನಾನು ಮಾನಸಿಕವಾಗಿ ಸಜ್ಜಾಗುತ್ತಿದ್ದರೆ, ಅವಳು "ಸರಿ, ಹೊಸದನ್ನೇ ತಗೊಳ್ಳಿ" ಎಂದಳು. ಅಷ್ಟೇ! ಮದುವೆಯಾದ ಮೇಲೆ ನಾನು ಗೆದ್ದ ಮೊದಲ ವಾದ. ಇಷ್ಟು ಸುಲಭವಾಗಿ ಗೆದ್ದದ್ದಕ್ಕೆ ನಾನು ಅನುಮಾನ ಪಡಬೇಕಿತ್ತು.

ಹೊಸ ಸೈಕಲ್ ಮನೆಗೆ ಬಂತು. ನಾನೇ ತಂದೆ. ಓಡಿಸಿಕೊಂಡಲ್ಲ, ತಳ್ಳಿಕೊಂಡು. ಟೈರಿನ ಆ ಕೂದಲು ಉದುರಿಬಿಟ್ಟರೆ? ದಾರಿಯಲ್ಲಿ ಕೆಸರು ಸಿಕ್ಕಾಗ ಮಗುವಿನಂತೆ ಎತ್ತಿಕೊಂಡು ದಾಟಿಸಿದೆ. ನಡುಮನೆಯ ಮೂಲೆಯಲ್ಲಿ ಊಟದ ಮೇಜಿನ ಎದುರಿಗೇ ಪ್ರತಿಷ್ಠಾಪಿಸಿ, ಧೂಳು ಕೂರದಿರಲೆಂದು ದೊಡ್ಡ ಬೆಡ್‌ಶೀಟ್ ಹೊದಿಸಿದೆ.

ಮಾರನೆಯ ದಿನ ಮೋಡವಿತ್ತು. ಮಳೆ ಬಂದೀತೆಂದು ನಡೆದೇ ಹೋದೆ. ಅದರ ಮಾರನೆಯ ದಿನ ಬಿಸಿಲಿತ್ತು. ಬಣ್ಣ ಮಾಸೀತೆಂದು ನಡೆದೇ ಹೋದೆ. ಮೋಡವೂ ಬಿಸಿಲೂ ಇಲ್ಲದ ದಿನ ಅಂಗಡಿಯ ಮುಂದೆ ಯಾರಾದರೂ ಗೀಚಿಯಾರೆಂಬ ಭಯ. ಹೊಸ ವಸ್ತುವನ್ನು ಇಟ್ಟುಕೊಂಡು ಅಭ್ಯಾಸವಿದ್ದರಲ್ಲವೇ ನನಗೆ? ದಿನವೂ ಹೊರಡುವಾಗ ಬೆಡ್‌ಶೀಟಿನ ಮೇಲಿಂದಲೇ ಒಮ್ಮೆ ತಟ್ಟಿ, "ನಾಳೆ ಖಂಡಿತ" ಎಂದು ಭರವಸೆ ಕೊಡುತ್ತಿದ್ದೆ. ಹೊದಿಕೆ ತೆಗೆದರೆ ಧೂಳು ಒಳಗೆ ಹೋಗುತ್ತದೆಂದು ತೆಗೆಯುವುದನ್ನೂ ಬಿಟ್ಟೆ.

"ಓಡ್ಸಲ್ವಾ?" ಎಂದು ಹೆಂಡತಿ ಕೇಳುತ್ತಿದ್ದಳು.

"ಒಳ್ಳೇ ದಿನ ನೋಡಿ ಓಡಿಸ್ತೀನಿ."

"ಬೂಟು ಹೊರಗೆ ಕೊಡವಿ ಬನ್ನಿ ಹಾಗಾದ್ರೆ."

ಮಧ್ಯಾಹ್ನ ಊಟಕ್ಕೆ ನಾನು ಮನೆಗೆ ಬರುವವನು. ಆ ದಿನಗಳಲ್ಲಿ ಅವಳಿಗೆ ಕೆಲಸ ವಿಪರೀತ. ಊಟ ಮುಚ್ಚಿಟ್ಟು, ಹೊಲಿದ ಪರದೆಗಳನ್ನು ಕೊಡಲು ಊರಿನ ಆ ತುದಿಯ ಬಡಾವಣೆಗೆ ಹೋಗಿರುತ್ತಿದ್ದಳು. ನಾನು ಒಬ್ಬನೇ ಮೇಜಿನ ಮುಂದೆ ಕೂತು, ಎದುರಿಗೆ ಬೆಡ್‌ಶೀಟ್ ಹೊದ್ದು ನಿಂತ ನನ್ನ ಆಸ್ತಿಯನ್ನು ಕಣ್ತುಂಬ ನೋಡುತ್ತ ಉಣ್ಣುತ್ತಿದ್ದೆ. ನೋಡುತ್ತ ನೋಡುತ್ತ ಮಾತೂ ಶುರುವಾಯಿತು. ಅಂಗಡಿಯಲ್ಲಿ ನಡೆದದ್ದು, ಅಣ್ಣಂದಿರು ಮಾಡಿದ ಅನ್ಯಾಯ, ಹೆಂಡತಿಯ ದಬ್ಬಾಳಿಕೆ ಎಲ್ಲವನ್ನೂ ಅದರ ಮುಂದೆ ತೋಡಿಕೊಂಡೆ. ಎಷ್ಟು ತಾಳ್ಮೆಯಿಂದ ಕೇಳುತ್ತಿತ್ತು!

ಒಂದು ಮಧ್ಯಾಹ್ನ ಹೀಗೆ ಕೈಯಾಡಿಸುತ್ತ ಆವೇಶದಿಂದ ಮಾತಾಡುವಾಗ ಲೋಟ ಉರುಳಿ, ನೀರೆಲ್ಲ ಬೆಡ್‌ಶೀಟಿನ ಮೇಲೆ ಚೆಲ್ಲಿತು. ಅಯ್ಯೋ, ತುಕ್ಕು! ಎದ್ದುಬಿದ್ದು ಓಡಿ ಹೊದಿಕೆ ಕಿತ್ತೆಸೆದೆ.

ಒಳಗಿದ್ದದ್ದು ಇಸ್ತ್ರಿ ಹಲಗೆ. ಅದರ ಮುಂದೆ ಅಡ್ಡಲಾಗಿ ಪರದೆ ಕೋಲು ಕಟ್ಟಿ ಹ್ಯಾಂಡಲ್ ಮಾಡಿತ್ತು. ಚಕ್ರಗಳ ಜಾಗದಲ್ಲಿ ಸೋಫಾದ ದುಂಡು ದಿಂಬುಗಳು.

ಕಳ್ಳತನ! ಆದರೆ ಕದ್ದ ಸಾಮಾನಿನ ಜಾಗಕ್ಕೆ ಇಸ್ತ್ರಿ ಹಲಗೆ ಕೊಟ್ಟುಹೋಗುವಷ್ಟು ಧರ್ಮಭೀರು ಕಳ್ಳ ಯಾರು? ಎಂಜಲು ಕೈಯಲ್ಲೇ ಬೀದಿಗೆ ಓಡಿದೆ. ಪೊಲೀಸರಿಗೆ ಏನೆಂದು ವಿವರಿಸುವುದು ಎಂದು ಯೋಚಿಸುತ್ತಿರುವಾಗ ತಿರುವಿನಲ್ಲಿ ಟಿಣ್ ಟಿಣ್ ಎಂದು ಗಂಟೆ ಕೇಳಿಸಿತು. ಬಂತು ನನ್ನ ಸೈಕಲ್ಲು! ಹಿಂದೆ ಕ್ಯಾರಿಯರಿನಲ್ಲಿ ಪರದೆಗಳ ಗಂಟು, ಮುಂದೆ ಬುಟ್ಟಿ, ಸೀಟಿಗೆ ಹೂಬಳ್ಳಿಯ ಬಟ್ಟೆಯ ಕವರು, ಕವರಿಗೆ ಸುತ್ತಲೂ ನಿರಿಗೆ. ಮೇಲೆ ನನ್ನ ಹೆಂಡತಿ, ಗುನುಗುತ್ತ. ಅವಳಿಗೆ ಸೈಕಲ್ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ, ಕೇಳಿದ್ದರಲ್ಲವೇ ಗೊತ್ತಾಗುವುದು!

"ಏನೇ ಇದು?"

"ಸೈಕಲ್ಲು."

"ಯಾರದು?"

"ನಮ್ಮದು."

"ನಂದು!"

"ನಿಮ್ಮದಾದ್ರೆ ನೀವ್ಯಾಕೆ ನಡ್ಕೊಂಡು ಓಡಾಡ್ತೀರಾ?"

ನಾನು ಬೇರೆ ಕಡೆಯಿಂದ ಏರಿಹೋದೆ. "ಅಲ್ಲ, ಆ ಇಸ್ತ್ರಿ ಹಲಗೆ ಯಾಕೆ ಇಟ್ಟೆ? ನಾನು ದಿನಾ ಅದರ ಎದುರಿಗೆ ಕೂತು..."

"ಮಾತಾಡ್ತಿದ್ರಿ. ಪಕ್ಕದ ಮನೆ ಅಜ್ಜಿ ಹೇಳಿದ್ರು. 'ನಿಮ್ಮ ಯಜಮಾನ್ರು ಊಟದ ಹೊತ್ತಲ್ಲಿ ಯಾರ ಜೊತೆಗೋ ಭಾರಿ ಪ್ರೀತಿಯಿಂದ ಮಾತಾಡ್ತಾರೆ, ಸ್ವಲ್ಪ ಗಮನ ಇಡಮ್ಮ' ಅಂತ. ನಾನು, ಇರಲಿ ಬಿಡಿ ಅಜ್ಜಿ, ಇಸ್ತ್ರಿ ಹಲಗೆ ತಾನೇ ಅಂದೆ."

"ಹೇಳಬಹುದಿತ್ತಲ್ಲ ನನಗೆ!"

"ನಾನು ಸೈಕಲ್ ತಗೊಂಡು ಹೋದಾಗ ಜಾಗ ಖಾಲಿ ಕಂಡ್ರೆ ನೀವು ಊಟ ಬಿಡ್ತಿದ್ರಿ." ಅವಳು ಇಳಿದು ಸ್ಟ್ಯಾಂಡ್ ಹಾಕಿದಳು. ಆಮೇಲೆ ಮಾತು ಮೆತ್ತಗಾಯಿತು. "ಬಸ್ಸಲ್ಲಿ ಗಂಟು ಹೊತ್ಕೊಂಡು ಹೋಗೋದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಗೊತ್ತಾ? ಏರಲ್ಲಿ ಒಂಚೂರು ಉಬ್ಬಸ ಬರುತ್ತೆ ಅಷ್ಟೇ. ಬ್ರೇಕ್ ಆಮೇಲಾಮೇಲೆ ಕಿರುಗುಟ್ಟಿತು, ಗೇರು ಜಾರಿತು, ಎಲ್ಲ ಸರಿಮಾಡಿಸಿದೆ. ಈಗ ಪಳಗಿದೆ."

ನನ್ನ ಜನ್ಮದ ಏಕೈಕ ಹೊಸ ವಸ್ತು! ಟೈರಿನ ಮೇಲೆ ಒಂದು ಕೂದಲೂ ಉಳಿದಿರಲಿಲ್ಲ. ಅಳುವುದೋ ನಗುವುದೋ ತಿಳಿಯದೆ ನಿಂತೆ. ಅವಳ ಮುಖದಲ್ಲಿ ಬೆವರೂ ಖುಷಿಯೂ ಒಟ್ಟಿಗೇ ಹೊಳೆಯುತ್ತಿದ್ದವು. ಆ ಮುಖ ನೋಡಿ ಸೈಕಲ್ ವಾಪಸು ಕೊಡು ಎನ್ನಲು ನನ್ನಿಂದಾಗಲಿಲ್ಲ. (ಅಲ್ಲದೆ ಆ ನಿರಿಗೆಯ ಸೀಟಿನ ಮೇಲೆ ಕೂತು ಅಂಗಡಿಗೆ ಹೋಗುವುದು ಹೇಗೆ?)

"ಮತ್ತೆ ನಾನು?"

"ಈಜು ಮೇಷ್ಟ್ರ ಹತ್ರ ಹೋಗಿ ಕೇಳಿ."

"ಅದು ಇಷ್ಟು ದಿನ ಉಳಿದಿರುತ್ತಾ?"

"ಇರುತ್ತೆ," ಎಂದಳು.

ಸಂಜೆ ಬುಸುಗುಟ್ಟುತ್ತಲೇ ಹೋದೆ. ದೂರದಿಂದಲೇ ನನ್ನನ್ನು ಕಂಡ ಮೇಷ್ಟ್ರು ಗೇಟಿನಲ್ಲೇ ನಿಂತಿದ್ದರು, ಕೈಯಲ್ಲಿ ಒಂದು ಲೋಟ ನೀರು. "ಕೂತ್ಕೊಳ್ಳಿ, ಮೊದಲು ಇದನ್ನ ಕುಡೀರಿ. ಬರುವಾಗ ಸಿಟ್ಟಲ್ಲಿರ್ತಾರೆ ಅಂತ ನಿಮ್ಮ ಮನೆಯವರು ಹೇಳಿದ್ರು."

"ಯಾವಾಗ ಹೇಳಿದ್ದು?"

"ಅವತ್ತೇ! ನೀವು ಕೂಗಾಡಿ ಗೇಟು ದಾಟಿದ್ರಲ್ಲ, ಆಗ. 'ಇವರು ಹೊಸದು ತಗೊಳ್ತಾರೆ, ಓಡಿಸಲ್ಲ. ಆಮೇಲೆ ಇಲ್ಲಿಗೇ ಬರ್ತಾರೆ. ಬೇರೆಯವರಿಗೆ ಕೊಡಬೇಡಿ' ಅಂದ್ರು. ಸೀಟಿಗೆ ಅಳತೆನೂ ಕೊಟ್ಟು ಹೋಗಿದಾರೆ, ಹಾಗೇ ಕೂರಿಸಿಟ್ಟಿದೀನಿ. ನಿಮ್ಮ ಹಳೇ ಪ್ಯಾಂಟೆಲ್ಲ ಅವರೇ ಅಳತೆಗೆ ಸರಿಮಾಡೋದಂತೆ?"

ನಾನು ಸಿಟ್ಟಿನಲ್ಲೇ ನೀರು ಕುಡಿದೆ. ಸಿಟ್ಟಿನಲ್ಲೇ ಸೈಕಲ್ ಹತ್ತಿದೆ. ಹತ್ತಿದ ಮೇಲೆ ಸಿಟ್ಟನ್ನು ಇಟ್ಟುಕೊಳ್ಳುವುದು ಕಷ್ಟವಾಯಿತು. ಎಲ್ಲೂ ಒತ್ತಲಿಲ್ಲ, ಎಲ್ಲೂ ಎಟುಕದೆ ಹೋಗಲಿಲ್ಲ. ಕಾಲು ಪೆಡಲಿನ ಮೇಲೆ ತಾನಾಗಿ ಕೂತಿತು. ನನ್ನ ಮೈಗೆಂದೇ ಅಳೆದು ಮಾಡಿದ್ದು ಎನ್ನುವ ವಸ್ತುವಿನ ಮೇಲೆ ನಾನು ಕೂತದ್ದು ಅದೇ ಮೊದಲು. ಮರಳಿಗೆ ನುಗ್ಗಿದೆ, ಜಲ್ಲಿಗೆ ನುಗ್ಗಿದೆ, ಬೇಕೆಂದೇ ಒಂದು ಕೆಸರಿನ ಗುಂಡಿಗೂ ನುಗ್ಗಿದೆ. ಗೀಚುವ ಭಯವಿಲ್ಲ, ಮಾಸುವ ಭಯವಿಲ್ಲ. ಕೆರೆಯನ್ನು ಒಂದು ಸುತ್ತು ಹೆಚ್ಚಾಗಿಯೇ ಸುತ್ತಿ, ಬೆನ್ನುದ್ದಕ್ಕೂ ಕೆಸರು ಹಾರಿಸಿಕೊಂಡು ಮನೆಗೆ ಬಂದೆ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಹೇಗಿದೆ? ಸೀಟು ಸರಿಹೋಯ್ತಾ?"

ಸರಿಹೋಗಿದೆ ಎಂದು ಒಪ್ಪಿಕೊಂಡರೆ ಗಂಡಸಿನ ಮಾನವೇನಾಗಬೇಕು? ಮುಖ ಬಿಗಿದುಕೊಂಡು, "ಏನೋ ಪರವಾಗಿಲ್ಲ. ಸ್ವಲ್ಪ ಎತ್ತರವಾಯ್ತು," ಎಂದೆ.

"ಹೌದಾ? ನನ್ನ ಅಳತೆ ತಪ್ಪೋದಿಲ್ಲವಲ್ಲ!" ಎನ್ನುತ್ತ ಅವಳು ಒಳಗಿನಿಂದ ಸ್ಪ್ಯಾನರ್ ತಂದು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಸೀಟನ್ನು ಇಳಿಸಿ, ಇನ್ನೆಂದೂ ಅಲುಗದ ಹಾಗೆ ತಿರುಪು ಬಿಗಿದಳು.

ಅಂದಿನಿಂದ ಮಂಡಿ ಗಲ್ಲಕ್ಕೆ ಬಡಿಯುತ್ತಿದೆ. ದಾರಿಯಲ್ಲಿ ಸಿಕ್ಕವರೆಲ್ಲ ಸೀಟು ಸ್ವಲ್ಪ ಏರಿಸಬಾರದೇ ಎಂದು ಕೇಳುತ್ತಾರೆ. ಏರಿಸಬಹುದು. ಆದರೆ ಸ್ಪ್ಯಾನರ್ ಎಲ್ಲಿದೆಯೆಂದು ಅವಳನ್ನು ಕೇಳಬೇಕಲ್ಲ!